ಮನೆಯ ತೆರೆಯ ಮೇಲೆ ವಾಲ್-ಈ

(ಬಾನುಲಿ ಭಾಷಣ)

ಸಿನಿಮಾ ಬಿಡುಗಡೆಯಾದ ವಾರವೇ ಪತ್ರಿಕೆಗಳಲ್ಲಿ ವಿಮರ್ಶೆ ಬರುತ್ತದೆ. ಕಥೆ ಹೇಗಿದೆ, ಅಭಿನಯ ಹೇಗಿದೆ, ಹಾಡು ಹೇಗಿದೆ ಎಂದು ತೂಗಿ ನೋಡುತ್ತಾರೆ. ಅದೇ ಸಿನಿಮಾ ಕೆಲವು ತಿಂಗಳಾದ ಮೇಲೆ ಡಿವಿಡಿಯಾಗಿಯೋ ಬ್ಲೂ-ರೇಯಾಗಿಯೋ ಮನೆಗೆ ಬರುತ್ತದಲ್ಲ, ಆ ಎರಡನೆಯ ಬಿಡುಗಡೆಯನ್ನು ತೂಗಿ ನೋಡುವವರು ಕಡಿಮೆ. ಮಕ್ಕಳ ಚಿತ್ರದ ಮಟ್ಟಿಗೆ ಈ ಎರಡನೆಯದೇ ನಿಜವಾದ ಬಿಡುಗಡೆ ಎಂದು ನನ್ನ ನಂಬಿಕೆ. ಥಿಯೇಟರಿನಲ್ಲಿ ಮಗು ಒಂದು ಚಿತ್ರವನ್ನು ಒಮ್ಮೆ ನೋಡುತ್ತದೆ. ಮನೆಯಲ್ಲಾದರೆ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಬಾಯಿಪಾಠವಾಗುವ ತನಕ ನೋಡುತ್ತದೆ. ಆ ಮಗುವಿನ ಕಣ್ಣು ಕಿವಿಗಳು ತಯಾರಾಗುವುದು ಅಲ್ಲಿ. ಹಾಗಿರುವಾಗ ಮನೆಗೆ ಬಂದ ಡಿಸ್ಕಿನಲ್ಲಿ ಏನಿದೆ, ಎಷ್ಟು ಚೆನ್ನಾಗಿದೆ ಎಂದು ವಿಚಾರಿಸುವುದು ದೊಡ್ಡವರ ಹೊಣೆ.

ಇವತ್ತು ನಾನು ಒಂದೇ ಚಿತ್ರವನ್ನು ಎತ್ತಿಕೊಂಡಿದ್ದೇನೆ. ಪಿಕ್ಸಾರ್ ಸಂಸ್ಥೆಯ 'ವಾಲ್-ಈ'. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್. 2008ರ ಜೂನ್ ಕೊನೆಯಲ್ಲಿ ಅಮೆರಿಕದಲ್ಲಿ ತೆರೆ ಕಂಡ ಈ ಚಿತ್ರ ಅದೇ ವರ್ಷದ ನವೆಂಬರಿನಲ್ಲಿ ಡಿವಿಡಿ ಮತ್ತು ಬ್ಲೂ-ರೇ ರೂಪದಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಕೊಡುವ ಆಸ್ಕರ್ ಪಡೆಯಿತು. 2020ರಲ್ಲಿ ಡಿಸ್ನಿಯವರು ಇದರ 4ಕೆ ಡಿಸ್ಕ್ ತಂದರು. 2022ರ ನವೆಂಬರಿನಲ್ಲಿ ಕ್ರೈಟೀರಿಯನ್ ಕಲೆಕ್ಷನ್ ಎಂಬ ಪ್ರಕಾಶನದವರು ತಮ್ಮ ಮಾಲೆಯಲ್ಲಿ ಇದನ್ನು ಸೇರಿಸಿಕೊಂಡರು. ಕುರೊಸಾವಾ, ಬರ್ಗ್‌ಮನ್, ನಮ್ಮ ಸತ್ಯಜಿತ್ ರಾಯ್ ಇಂಥವರ ಚಿತ್ರಗಳನ್ನು ದುರಸ್ತಿ ಮಾಡಿ, ಶುದ್ಧ ಪ್ರತಿಯಾಗಿ, ಟಿಪ್ಪಣಿ ಸಮೇತ ಹೊರತರುವ ಸಂಸ್ಥೆ ಅದು. ಅವರ ಮಾಲೆಗೆ ಬಂದ ಮೊದಲ ಪಿಕ್ಸಾರ್ ಚಿತ್ರ ಇದೇ.

ನೋಡಿಲ್ಲದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಭೂಮಿ ಕಸದಿಂದ ತುಂಬಿ ಹೋಗಿದೆ. ಮನುಷ್ಯರು 'ಆಕ್ಸಿಯಮ್' ಎಂಬ ಭಾರಿ ಹಡಗು ಹತ್ತಿ ಅಂತರಿಕ್ಷಕ್ಕೆ ಹೊರಟು 700 ವರ್ಷ ಆಗಿದೆ. ಕಸ ಒತ್ತಿ ಇಟ್ಟಿಗೆ ಮಾಡಿ ಪೇರಿಸುವ ಒಂದು ಪುಟ್ಟ ಯಂತ್ರವನ್ನು ಮಾತ್ರ ಯಾರೂ ಆರಿಸದೆ ಬಿಟ್ಟುಹೋಗಿದ್ದಾರೆ. ಅದು ದಿನಾ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತದೆ, ಸಂಜೆ ಮನೆಗೆ ಬರುತ್ತದೆ. ಜೊತೆಗಿರುವುದು ಒಂದು ಜಿರಳೆ. ಒಂದು ದಿನ ಆಕಾಶದಿಂದ ಈವ್ ಎಂಬ ನುಣುಪಾದ ಬಿಳಿ ರೋಬೋ ಇಳಿಯುತ್ತದೆ; ಭೂಮಿಯಲ್ಲಿ ಹಸಿರು ಉಳಿದಿದೆಯೇ ಎಂದು ಹುಡುಕುವುದು ಅದರ ಕೆಲಸ. ಅಲ್ಲಿಂದ ಮುಂದೆ ಪ್ರೀತಿ, ಅಂತರಿಕ್ಷದ ಓಟ, ಹಡಗಿನ ದಂಗೆ ಎಲ್ಲ. 1994ರಲ್ಲಿ ಪಿಕ್ಸಾರ್‌ನ ಗೆಳೆಯರು ಊಟಕ್ಕೆ ಕೂತು ಹರಟುವಾಗ ಹುಟ್ಟಿದ ಕಲ್ಪನೆ ಇದು. ಚಿತ್ರವಾಗಲು ಹದಿನಾಲ್ಕು ವರ್ಷ ಹಿಡಿಯಿತು.

ಈ ಚಿತ್ರದ ಡಿಸ್ಕನ್ನು ಅಳೆಯುವುದಕ್ಕೆ ಚಿತ್ರವೇ ಒಂದು ಅಳತೆಗೋಲು ಕೊಟ್ಟಿದೆ. ವಾಲ್-ಈ ಕೆಲಸ ಮುಗಿಸಿ ತನ್ನ ಗೂಡಿಗೆ ಬಂದ ಕೂಡಲೇ ಏನು ಮಾಡುತ್ತದೆ ನೆನಪಿಸಿಕೊಳ್ಳಿ. ಹಳೆಯ ವಿಎಚ್ಎಸ್ ಕ್ಯಾಸೆಟ್ ಒಂದನ್ನು ಯಂತ್ರಕ್ಕೆ ತೂರಿಸುತ್ತದೆ. ಅದು 1969ರ 'ಹಲೋ, ಡಾಲಿ!' ಚಿತ್ರದ ಕ್ಯಾಸೆಟ್. ಟಿವಿ ಇಲ್ಲ. ಐಪಾಡಿನ ಅಂಗೈಯಗಲದ ತೆರೆಯ ಮೇಲೆ ಚಿತ್ರ ಮೂಡುತ್ತದೆ, ಅದರ ಮುಂದೆ ಒಂದು ಭೂತಗನ್ನಡಿ ನಿಲ್ಲಿಸಿದೆ. ಮಸುಕು ಮಸುಕಾದ ಆ ಚಿತ್ರದಲ್ಲಿ ಇಬ್ಬರು ಕೈ ಹಿಡಿದುಕೊಳ್ಳುವುದನ್ನು ಕಂಡು ವಾಲ್-ಈ ತನ್ನ ಎರಡು ಕೈಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಮುಂದೆ ಈವ್‌ಗೆ ಆ ಕ್ಯಾಸೆಟ್ ಕೊಟ್ಟಾಗ ಅದು ಟೇಪನ್ನು ಹೊರಗೆಳೆದುಬಿಡುತ್ತದೆ. ಆಗ ವಾಲ್-ಈ ಪಡುವ ಗಾಬರಿಯನ್ನು ವಿಡಿಯೊ ಕ್ಯಾಸೆಟ್ಟಿನ ಕಾಲದವರು ಚೆನ್ನಾಗಿ ಬಲ್ಲರು. ಇಡೀ ಚಿತ್ರದಲ್ಲಿ ಪ್ರೀತಿ ಎಂದರೇನು ಎಂದು ಆ ಯಂತ್ರಕ್ಕೆ ಕಲಿಸಿದ್ದು ಮನೆಯಲ್ಲಿ ಕೂತು ಮತ್ತೆ ಮತ್ತೆ ನೋಡಿದ ಒಂದು ಹಳೆಯ ಸಿನಿಮಾ. ಈವ್ ಕೂಡ ವಾಲ್-ಈಯ ಮನಸ್ಸನ್ನು ತಿಳಿಯುವುದು ತನ್ನೊಳಗೇ ದಾಖಲಾದ ದೃಶ್ಯಗಳನ್ನು ಹಿಂದಕ್ಕೆ ಓಡಿಸಿ ನೋಡಿದಾಗ: ತಾನು ಪ್ರಜ್ಞೆಯಿಲ್ಲದೆ ನಿಂತಿದ್ದ ಹೊತ್ತಿನಲ್ಲಿ ಮಳೆಯಲ್ಲಿ ಕೊಡೆ ಹಿಡಿದು ಕಾದವನು ಇವನು ಎಂದು.

ಆದ್ದರಿಂದ ನಾನು ಕೇಳುವ ಪ್ರಶ್ನೆ ಇಷ್ಟೇ. ಈ ಡಿಸ್ಕು ನಮ್ಮ ಮನೆಯ ಮಕ್ಕಳಿಗೆ, ಆ ಕ್ಯಾಸೆಟ್ಟು ವಾಲ್-ಈಗೆ ಕೊಟ್ಟಷ್ಟನ್ನು ಕೊಡುತ್ತದೆಯೇ? ಅಂದರೆ, ಚಿತ್ರ ಮಾಡಿದವರು ಪಟ್ಟ ಶ್ರಮ ಮನೆಯ ತೆರೆಯಲ್ಲಿ ಕಾಣುತ್ತದೆಯೇ, ಕೇಳುತ್ತದೆಯೇ? ನೋಡಿದ ಮಗುವಿಗೆ ತಾನೂ ಏನಾದರೂ ಮಾಡಬೇಕು ಅನ್ನಿಸುವಂತಿದೆಯೇ? ಬೇಕೆಂದಾಗ ಸಿಗುವಂತೆ ಮನೆಯಲ್ಲೇ ಇರುತ್ತದೆಯೇ?

ಧ್ವನಿಯಿಂದ ಶುರು ಮಾಡುತ್ತೇನೆ. ಬಾನುಲಿಯಲ್ಲಿ ಮಾತಾಡುತ್ತಿರುವುದರಿಂದ ಮಾತ್ರವಲ್ಲ, ಈ ಚಿತ್ರದ ಪ್ರಾಣ ಇರುವುದೇ ಧ್ವನಿಯಲ್ಲಿ. ಮೊದಲ ನಲವತ್ತು ನಿಮಿಷ ಹೆಚ್ಚುಕಡಿಮೆ ಸಂಭಾಷಣೆಯೇ ಇಲ್ಲ. ಮಾತಿನ ಜಾಗದಲ್ಲಿ ಇರುವುದು ಗಾಳಿ, ಚಕ್ರ, ಮೋಟಾರು, ಕೀಲುಗಳ ಕಿರುಚಾಟ. ಅದನ್ನೆಲ್ಲ ಕಟ್ಟಿದವರು ಬೆನ್ ಬರ್ಟ್. 'ಸ್ಟಾರ್ ವಾರ್ಸ್' ಚಿತ್ರದ ಪುಟ್ಟ ರೋಬೋ ಆರ್ಟೂ-ಡೀಟೂಗೆ ದನಿ ಕೊಟ್ಟವರೂ ಇವರೇ. ವಾಲ್-ಈಗಾಗಿ ಅವರು ಸುಮಾರು 2,500 ಧ್ವನಿಗಳನ್ನು ತಯಾರಿಸಿದರು. ವಾಲ್-ಈಯ ದನಿ ಅವರದೇ ಕಂಠ, ಕಂಪ್ಯೂಟರಿನಲ್ಲಿ ಹದ ಮಾಡಿದ್ದು. ಈವ್‌ನ ದನಿ ಪಿಕ್ಸಾರ್‌ನಲ್ಲೇ ಕೆಲಸ ಮಾಡುತ್ತಿದ್ದ ಎಲಿಸಾ ನೈಟ್ ಅವರದು. ಹಡಗಿನ ಚುಕ್ಕಾಣಿ ಹಿಡಿದ ದುಷ್ಟ ಯಂತ್ರ 'ಆಟೊ'ಗೆ ಮನುಷ್ಯ ಕಂಠವೇ ಇಲ್ಲ. ಆಪಲ್ ಕಂಪ್ಯೂಟರ್ ಅಕ್ಷರಗಳನ್ನು ತಾನೇ ಓದಿ ಹೇಳುವ ದನಿ ಅದು. ವಾಲ್-ಈ ಬೆಳಗ್ಗೆ ಬಿಸಿಲು ಕುಡಿದು ಶಕ್ತಿ ತುಂಬಿಕೊಂಡಾಗ ಕೇಳಿಸುವುದು ಮ್ಯಾಕ್ ಕಂಪ್ಯೂಟರ್ ಶುರುವಾಗುವ ನಾದ.

ಬೆನ್ ಬರ್ಟ್ ತಮ್ಮ ಕೆಲಸವನ್ನು ತಾವೇ ತೋರಿಸುವ ಸುಮಾರು ಹದಿನೆಂಟು ನಿಮಿಷದ ಒಂದು ಸಾಕ್ಷ್ಯಚಿತ್ರ 2008ರ ಡಿವಿಡಿಯಲ್ಲೇ ಇದೆ. ನನ್ನನ್ನು ಕೇಳಿದರೆ ಇಡೀ ಡಿಸ್ಕಿನ ಬೆಲೆ ಆ ಹದಿನೆಂಟು ನಿಮಿಷಕ್ಕೇ ಕೊಡಬಹುದು. ವಾಲ್-ಈ ನಿಧಾನವಾಗಿ ತೆವಳುವಾಗ ಬರುವ ಗುರ್ರ್ ಸದ್ದು ಎಲ್ಲಿಂದ ಬಂತು ಗೊತ್ತೇ? ಕೈಯಿಂದ ತಿರುಗಿಸುವ ಒಂದು ಹಳೆಯ ಸೇನಾ ಜನರೇಟರಿನಿಂದ. ಅದರ ಸದ್ದನ್ನು ಬರ್ಟ್ ಮೊದಲು ಕೇಳಿದ್ದು ಜಾನ್ ವೇಯ್ನ್ ನಟಿಸಿದ ಹಳೆಯ ಚಿತ್ರವೊಂದರಲ್ಲಿ. ಆಮೇಲೆ ಅಂಥದೇ ಯಂತ್ರವನ್ನು ಇಬೇಯಲ್ಲಿ ಹುಡುಕಿ ಕೊಂಡರು. ಜೋರಾಗಿ ಓಡುವಾಗಿನ ಸದ್ದಿಗೆ ಹಳೆಯ ವಿಮಾನದ ಸ್ಟಾರ್ಟರ್. ಜಿರಳೆ ಓಡಾಡುವ ಚಟಚಟ ಸದ್ದು ಪೊಲೀಸರ ಕೈಕೋಳದ ಹಲ್ಲುಗಳದ್ದು. ಬಿರುಗಾಳಿಗೆ ನಯಾಗರಾ ಜಲಪಾತದ ಮೊರೆತ, ಜೊತೆಗೆ ರತ್ನಗಂಬಳಿಯ ಮೇಲೆ ಭಾರವಾದ ಕ್ಯಾನ್ವಾಸ್ ಚೀಲ ಎಳೆದ ಸದ್ದು. ಈವ್ ಹಾರಿಸುವ ಕಿರಣಕ್ಕೆ ಮಕ್ಕಳು ಮೆಟ್ಟಿಲ ಮೇಲೆ ಇಳಿಬಿಡುವ ಸ್ಪ್ರಿಂಗ್ ಆಟಿಕೆ. ಅದರ ಒಂದು ತುದಿಯನ್ನು ಮೇಲೆ ಕಟ್ಟಿ, ಮೈಗೆ ಮೈಕು ತಗುಲಿಸಿ, ಕೋಲಿನಿಂದ ತಟ್ಟಿದರೆ ಅಂತರಿಕ್ಷದ ಆಯುಧ ಸಿದ್ಧ.

ಅದೇ ಸಾಕ್ಷ್ಯಚಿತ್ರದಲ್ಲಿ ಬರ್ಟ್ ಡಿಸ್ನಿ ಸ್ಟುಡಿಯೋದ ಹಳೆಯ ಧ್ವನಿಶಿಲ್ಪಿ ಜಿಮ್ಮಿ ಮೆಕ್‌ಡೊನಾಲ್ಡ್ ಅವರ ಸಲಕರಣೆಗಳನ್ನು ತೋರಿಸುತ್ತಾರೆ. ವಾಲ್ಟ್ ಡಿಸ್ನಿಯ ನಂತರ ಮಿಕ್ಕಿ ಮೌಸ್‌ಗೆ ಕಂಠ ಕೊಟ್ಟವರು ಈ ಮೆಕ್‌ಡೊನಾಲ್ಡ್. ಮರದ ಉರುಳೆಗೆ ಬಟ್ಟೆ ಸುತ್ತಿ ಹಿಡಿಕೆ ತಿರುಗಿಸಿದರೆ ಗಾಳಿ ಬೀಸುವಂಥ ಕೈಯಂತ್ರಗಳು ಅವರವು. ಬಾನುಲಿ ನಾಟಕ ಕೇಳಿ ಬೆಳೆದ ನಮಗೆ ಇದು ಪರಕೀಯವಲ್ಲ. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸಿದವರು, ತಗಡು ಬಡಿದು ಗುಡುಗು ತರಿಸಿದವರು ನಮ್ಮ ಸ್ಟುಡಿಯೋಗಳಲ್ಲೂ ಇದ್ದರು. 2008ರ ಕಂಪ್ಯೂಟರ್ ಚಿತ್ರವೊಂದರ ಒಳಗೆ ಆ ಕೈಕಸಬು ಬದುಕಿದೆ ಎಂದು ನೋಡಿದಾಗ ನನಗೆ ನಿಜಕ್ಕೂ ಹಿಗ್ಗಾಯಿತು.

ಡಿಸ್ಕಿನ ಧ್ವನಿ ಹೇಗಿದೆ ಎಂದು ಪರೀಕ್ಷಿಸಲು ನಾನು ಒಂದು ಕೆಲಸ ಮಾಡಿದೆ. ತಂಗಿಯ ಮಕ್ಕಳಿಬ್ಬರನ್ನು ಕೂರಿಸಿ, ಟಿವಿಯ ಮೇಲೆ ಒಂದು ಬೆಡ್‌ಶೀಟ್ ಹೊದಿಸಿ, ಚಿತ್ರದ ಮೊದಲ ಭಾಗವನ್ನು ಬರೀ ಕೇಳಿಸಿದೆ. ಮೊದಲು ಟಿವಿಯ ಸ್ವಂತ ಸ್ಪೀಕರಿನಲ್ಲಿ, ಆಮೇಲೆ ಎರಡು ಸಾಧಾರಣ ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ಜೋಡಿಸಿ. ನಮ್ಮ ಟಿವಿಯ ಸ್ಪೀಕರು ಗೋಡೆಯ ಕಡೆಗೆ ಮುಖ ಮಾಡಿದೆ. ಅದರಲ್ಲಿ ಗಾಳಿಯೂ ಮೋಟಾರೂ ಒಂದೇ ಆಗಿ ಕಲಸಿಹೋಯಿತು. ಎರಡನೆಯ ಸಲ ದೊಡ್ಡ ಹುಡುಗಿ, "ಈಗ ಅವನು ಹತ್ತುತ್ತಿದ್ದಾನೆ, ಈಗ ಇಳಿಯುತ್ತಿದ್ದಾನೆ" ಎಂದು ತೆರೆ ಕಾಣದೆಯೇ ಹೇಳತೊಡಗಿದಳು. ಚಿಕ್ಕವನು ಈವ್‌ನ ಹಡಗು ಇಳಿಯುವ ಆರ್ಭಟಕ್ಕೆ ನನ್ನ ತೋಳು ಹಿಡಿದುಕೊಂಡ. ನಡುವೆ ಅಂಗಡಿಯ ಬಂಡಿಗಳು ಉರುಳಿ ಬೀಳುವ ದೃಶ್ಯದಲ್ಲಿ ಸದ್ದು ಎಡಗಡೆಯಿಂದ ಬಲಕ್ಕೆ ಸಾಗಿದ್ದನ್ನು ಇಬ್ಬರೂ ತಲೆ ತಿರುಗಿಸಿ ಹಿಂಬಾಲಿಸಿದರು. ಒಳ್ಳೆಯ ಧ್ವನಿಪಥ ಎಂದರೆ ಇದು.

ಈ ಲೆಕ್ಕದಲ್ಲಿ 2008ರ ಬ್ಲೂ-ರೇ ಇವತ್ತಿಗೂ ಬಹಳ ಚೆನ್ನಾಗಿದೆ. ಅದರಲ್ಲಿರುವುದು ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿಗೆ ಹಂಚಿದ, ಏನನ್ನೂ ಕಳೆಯದ ಧ್ವನಿ. 4ಕೆ ಡಿಸ್ಕುಗಳಲ್ಲಿ ಅದರ ಜೊತೆ ಡಾಲ್ಬಿ ಆಟ್ಮಾಸ್ ಬಂದಿದೆ, ಅಂದರೆ ತಲೆಯ ಮೇಲಿನಿಂದಲೂ ಧ್ವನಿ ಬರುವ ವ್ಯವಸ್ಥೆ. ಛಾವಣಿಗೆ ಸ್ಪೀಕರ್ ಹಾಕಿಸಿಕೊಂಡವರಿಗೆ ಅದು ಸೊಗಸು. ಸಾಮಾನ್ಯ ಮನೆಯಲ್ಲಿ ಎರಡು ಒಳ್ಳೆಯ ಸ್ಪೀಕರಿಗೆ ಹಾಕುವ ದುಡ್ಡು ಹೊಸ ಡಿಸ್ಕಿಗೆ ಹಾಕುವ ದುಡ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮೌನವೂ ಈ ಚಿತ್ರದ ಧ್ವನಿಯೇ ಎಂಬುದನ್ನೂ ಹೇಳಬೇಕು. ವಾಲ್-ಈ ಬೆಂಕಿ ಆರಿಸುವ ಸಿಲಿಂಡರಿನ ನೊರೆಯನ್ನು ಚಿಮ್ಮಿಸುತ್ತ ಈವ್ ಜೊತೆ ನಕ್ಷತ್ರಗಳ ನಡುವೆ ತೇಲುವಾಗ ಥಾಮಸ್ ನ್ಯೂಮನ್ ಅವರ ಸಂಗೀತ ತೀರ ಮೆಲ್ಲಗೆ ಬರುತ್ತದೆ. ಟಿವಿಯಲ್ಲಿ ಎಲ್ಲ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ 'ನೈಟ್ ಮೋಡ್' ಆನ್ ಆಗಿದ್ದರೆ ಆ ಮೆಲುದನಿ ಸತ್ತುಹೋಗುತ್ತದೆ. ದಯವಿಟ್ಟು ಆಫ್ ಮಾಡಿ ನೋಡಿ.

ಇನ್ನು ಚಿತ್ರದ ಗುಣಮಟ್ಟ. ಪಿಕ್ಸಾರ್‌ನವರು ಈ ಚಿತ್ರಕ್ಕಾಗಿ ಒಂದು ವಿಚಿತ್ರ ಹಟ ಹಿಡಿದರು. ಕಂಪ್ಯೂಟರಿನಲ್ಲಿ ಎಲ್ಲವೂ ಮೂಲೆಯಿಂದ ಮೂಲೆಗೆ ಹರಳಿನಂತೆ ಸ್ಪಷ್ಟವಾಗಿ ಬರುತ್ತದೆ. ಅದು ಬೇಡ, 1970ರ ದಶಕದ ಅಂತರಿಕ್ಷ ಚಿತ್ರಗಳಂತೆ ನಿಜವಾದ ಕ್ಯಾಮೆರಾದಲ್ಲಿ ಹಿಡಿದ ಹಾಗೆ ಕಾಣಬೇಕು ಎಂದರು. ಆ ಕಾಲದ ಪ್ಯಾನಾವಿಷನ್ ಕ್ಯಾಮೆರಾ ತರಿಸಿ, ಮಸೂರ ಎಲ್ಲಿ ಮಸುಕಾಗುತ್ತದೆ, ದೀಪ ಎದುರಿಗೆ ಬಂದರೆ ಬೆಳಕು ಹೇಗೆ ಅಡ್ಡಗೆರೆಯಾಗಿ ಸೀಳುತ್ತದೆ ಎಂದು ಅಭ್ಯಾಸ ಮಾಡಿದರು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರನ್ನು ಕರೆಸಿ ಸಲಹೆ ಕೇಳಿದರು. ಅದಕ್ಕೇ ಭೂಮಿಯ ದೃಶ್ಯಗಳಲ್ಲಿ ವಾಲ್-ಈ ಸ್ಪಷ್ಟ, ಹಿಂದಿನ ಕಸದ ಗೋಪುರಗಳು ದೂಳಿನಲ್ಲಿ ಕರಗಿದಂತೆ. ಕಣ್ಣಿಗೆ ಕಾಣದ ಒಂದು ಕ್ಯಾಮೆರಾ ಅಲ್ಲಿ ನಿಂತು ಇವನನ್ನು ನೋಡುತ್ತಿದೆ ಅನ್ನಿಸುತ್ತದೆ. ಆ ಒಂಟಿತನ ನಮ್ಮನ್ನು ತಟ್ಟುವುದು ಈ ಮಸುಕಿನಿಂದ.

ಡಿವಿಡಿಯಲ್ಲಿ ಈ ಮಸುಕು ಮತ್ತು ಡಿವಿಡಿಯದೇ ಮಸುಕು ಎರಡೂ ಸೇರಿಹೋಗುತ್ತವೆ. ಚಿತ್ರದ ಚೌಕಟ್ಟು ತುಂಬ ಅಗಲ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಡಿವಿಡಿಯ ಇರುವ ಗೆರೆಗಳಲ್ಲಿ ಕಾಲು ಭಾಗ ಹಾಗೇ ವ್ಯರ್ಥ. ಬ್ಲೂ-ರೇಯಲ್ಲಿ ವಾಲ್-ಈಯ ಮೈಮೇಲಿನ ತುಕ್ಕು, ಗೀರು, ಉದುರಿದ ಹಳದಿ ಬಣ್ಣ ಎಲ್ಲ ಎಣಿಸುವಷ್ಟು ಕಾಣುತ್ತವೆ. 4ಕೆಯಲ್ಲಿ? ಆ ಕಾಲದ ಪಿಕ್ಸಾರ್ ಚಿತ್ರಗಳು ತಯಾರಾದದ್ದು 2ಕೆ ಅಳತೆಯಲ್ಲಿ. ಆದ್ದರಿಂದ ಗೀರುಗಳ ಸಂಖ್ಯೆ ನಾಲ್ಕು ಪಟ್ಟಾಗುವುದಿಲ್ಲ. ಹೆಚ್ಚಾಗುವುದು ಬೆಳಕಿನ ಹರವು. ಎಚ್‌ಡಿಆರ್ ಎಂಬ ತಂತ್ರ ಇರುವುದರಿಂದ ಕಪ್ಪು ನಿಜವಾಗಿ ಕಪ್ಪಾಗಿ, ಉರಿ ನಿಜವಾಗಿ ಉರಿಯಾಗಿ ಬರುತ್ತದೆ. ನಿರ್ದೇಶಕ ಸ್ಟ್ಯಾಂಟನ್ ಅವರೇ ಒಪ್ಪಿಗೆ ಕೊಟ್ಟ ಕ್ರೈಟೀರಿಯನ್ ಪ್ರತಿಯಲ್ಲಿ ಭೂಮಿಯ ಒಣ ಕಂದು ಬಿಸಿಲಿನಿಂದ ಆಕ್ಸಿಯಮ್ ಹಡಗಿನ ಝಗಝಗಕ್ಕೆ ದಾಟಿದಾಗ ಕಣ್ಣು ಕಿರಿದಾಗುತ್ತದೆ. ವಾಲ್-ಈಗೆ ಆದದ್ದೂ ಅದೇ ತಾನೆ.

ಆದರೆ ಇದೆಲ್ಲ ನಿಮ್ಮ ಟಿವಿಯ ಕೈಯಲ್ಲಿದೆ. ಅಂಗಡಿಯಿಂದ ಬರುವಾಗಲೇ ಬಹುತೇಕ ಟಿವಿಗಳನ್ನು 'ವಿವಿಡ್' ಎಂಬ ಕಣ್ಣು ಕುಕ್ಕುವ ಬಣ್ಣಕ್ಕೆ ಇಟ್ಟಿರುತ್ತಾರೆ. ಅದರಲ್ಲಿ ಸತ್ತ ಭೂಮಿಯ ಕಂದು ಕಿತ್ತಳೆಯಾಗಿಬಿಡುತ್ತದೆ. ಸತ್ತ ಊರು ಜಾತ್ರೆಯ ಊರಾಗುತ್ತದೆ. ಚಲನೆಯನ್ನು ನಯ ಮಾಡುವ ಇನ್ನೊಂದು ಸೆಟ್ಟಿಂಗ್ ಇದೆ, ಅದು ಇಡೀ ಚಿತ್ರವನ್ನು ಧಾರಾವಾಹಿಯಂತೆ ಮಾಡುತ್ತದೆ. 'ಸಿನಿಮಾ' ಅಥವಾ 'ಫಿಲ್ಮ್ ಮೇಕರ್' ಎಂಬ ಸೆಟ್ಟಿಂಗ್ ಹುಡುಕಿ ಹಾಕಿಕೊಳ್ಳಿ. ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಓಟಿಟಿಯಲ್ಲೇ ಇರುವಾಗ ಡಿಸ್ಕು ಯಾಕೆ ಎಂದು ಕೇಳುವವರಿದ್ದಾರೆ. ಅಂಕಿ ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಹರಿದು ಬರುವ 4ಕೆ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 15ರಿಂದ 25 ಮೆಗಾಬಿಟ್ ಸಿಗುತ್ತದೆ. 4ಕೆ ಡಿಸ್ಕು 128ರವರೆಗೂ ಕೊಡಬಲ್ಲದು. ನಕ್ಷತ್ರ ತುಂಬಿದ ಕಪ್ಪು ಆಕಾಶ, ದೂಳಿನ ಬಿರುಗಾಳಿ, ಹೊಗೆ, ಇಂಥವೇ ಕಡಿಮೆ ಮೆಗಾಬಿಟ್ಟಿನಲ್ಲಿ ಮೊದಲು ಒಡೆದು ಚೌಕ ಚೌಕವಾಗುವುದು. ವಾಲ್-ಈಯಲ್ಲಿ ಇವೇ ತುಂಬಿವೆ. ಇನ್ನು ಓಟಿಟಿಯ ಚಿತ್ರ ನಮ್ಮದಲ್ಲ. ಒಪ್ಪಂದ ಬದಲಾದರೆ ಒಂದು ಬೆಳಗ್ಗೆ ಮಾಯ. ಮಗು ಕೇಳಿದಾಗ "ಈಗ ಅದು ಇಲ್ಲ ಪುಟ್ಟಾ" ಎನ್ನಬೇಕಾಗುತ್ತದೆ.

ಡಿಸ್ಕಿನ ಜೊತೆಗೆ ಕೊಡುವ ಹೆಚ್ಚುವರಿ ಸಾಮಗ್ರಿಯ ವಿಷಯದಲ್ಲಿ 2008ರ ಮೂರು ಡಿಸ್ಕಿನ ಡಿವಿಡಿ ಉದಾರವಾಗಿತ್ತು. ಆಂಗಸ್ ಮೆಕ್‌ಲೇನ್ ನಿರ್ದೇಶಿಸಿದ 'ಬರ್ನ್-ಈ' ಎಂಬ ಕಿರುಚಿತ್ರ ಈ ಡಿಸ್ಕಿಗೆಂದೇ ಮಾಡಿದ್ದು. ಮುಖ್ಯ ಚಿತ್ರದಲ್ಲಿ ಒಂದೆರಡು ಕ್ಷಣ ಮಾತ್ರ ಕಾಣುವ, ಹಡಗಿನ ಹೊರಗೆ ದೀಪ ಬೆಸುಗೆ ಹಾಕುವ ಒಂದು ರಿಪೇರಿ ರೋಬೋ ಇದೆಯಲ್ಲ, ವಾಲ್-ಈಯ ಗಡಿಬಿಡಿಯಿಂದ ಬಾಗಿಲು ಮುಚ್ಚಿ ಅದು ಹೊರಗೇ ಉಳಿದ ಮೇಲೆ ಏನಾಯಿತು ಎಂಬ ಕಥೆ. ನಾಯಕನ ಸಾಹಸ ಹಿನ್ನೆಲೆಗೆ ಸರಿದು, ದುಡಿಯುವವನ ಪಾಡು ಮುಂದೆ ಬರುತ್ತದೆ. ಮಕ್ಕಳು ಇದನ್ನು ನೋಡಿ ಕೇಕೆ ಹಾಕುತ್ತಾರೆ. ದೊಡ್ಡ ಕಥೆಯ ಅಂಚಿನಲ್ಲೂ ಒಂದು ಕಥೆ ಇರುತ್ತದೆ ಎಂದು ತಾವಾಗಿಯೇ ಕಂಡುಕೊಳ್ಳುತ್ತಾರೆ. ಲೆಸ್ಲಿ ಐವರ್ಕ್ಸ್ ತೆಗೆದ, ಪಿಕ್ಸಾರ್ ಬೆಳೆದ ಬಗೆಯ ಪೂರ್ಣ ಸಾಕ್ಷ್ಯಚಿತ್ರವೂ ಅದರಲ್ಲಿದೆ. ಮಿಕ್ಕಿ ಮೌಸ್‌ನ ರೂಪ ಬರೆದ ಅಬ್ ಐವರ್ಕ್ಸ್ ಅವರ ಮೊಮ್ಮಗಳು ಆಕೆ.

ಅದಕ್ಕಿಂತ ಬೆಲೆಯುಳ್ಳದ್ದು ಕೈಬಿಟ್ಟ ದೃಶ್ಯಗಳು. ಒಂದನ್ನು ಮಾತ್ರ ಹೇಳುತ್ತೇನೆ. ಹಡಗಿನ ಕಸದ ಗುಂಡಿಯಲ್ಲಿ ಪೆಟ್ಟು ತಿಂದು ಬೀಳುವುದು ಮೊದಲು ಈವ್ ಆಗಿತ್ತು, ಅದನ್ನು ರಿಪೇರಿ ಮಾಡಿ ಉಳಿಸುವುದು ವಾಲ್-ಈ. ದೃಶ್ಯ ಬಹುಮಟ್ಟಿಗೆ ತಯಾರಾಗಿತ್ತು. ಆಗ ಸ್ಟ್ಯಾಂಟನ್‌ಗೆ ಹೊಳೆದದ್ದು ಇದು: ವಾಲ್-ಈ ಮೊದಲಿಂದಲೂ ಪ್ರೀತಿಸುತ್ತಲೇ ಇದ್ದಾನೆ, ಅವನು ಇನ್ನು ಸಾಬೀತು ಮಾಡಬೇಕಾದ್ದು ಏನೂ ಇಲ್ಲ. ಬದಲಾಗಬೇಕಾದವಳು ಈವ್. ಹಾಗೆಂದು ಪೆಟ್ಟನ್ನು ವಾಲ್-ಈಗೆ ಕೊಟ್ಟು, ಕಾಪಾಡುವ ಕೆಲಸವನ್ನು ಈವ್‌ಗೆ ವಹಿಸಿದರು. ಚಿತ್ರದ ಕೊನೆಯ ಅರ್ಧ ಗಂಟೆ ಇಡೀ ನಿಂತಿರುವುದು ಆ ಅದಲುಬದಲಿನ ಮೇಲೆ. ಡಿಸ್ಕಿನಲ್ಲಿ ಹಳೆಯ ದೃಶ್ಯವನ್ನೂ, ಸ್ಟ್ಯಾಂಟನ್ ಕೊಡುವ ಕಾರಣವನ್ನೂ ಒಟ್ಟಿಗೆ ನೋಡಬಹುದು. ಕಥೆ ಬರೆಯುವ ಆಸೆಯಿರುವ ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಹಡಗಿನ ದಡೂತಿ ಮನುಷ್ಯರು ಮೊದಲ ಕಲ್ಪನೆಯಲ್ಲಿ ಮನುಷ್ಯರೇ ಆಗಿರಲಿಲ್ಲ, ಲೋಳೆಯಂಥ ಜೀವಿಗಳಾಗಿದ್ದರು ಎಂಬುದನ್ನೂ ಡಿಸ್ಕಿನ ಇನ್ನೊಂದು ಭಾಗ ಚಿತ್ರಗಳ ಸಮೇತ ತೋರಿಸುತ್ತದೆ.

ಕ್ರೈಟೀರಿಯನ್ ಆವೃತ್ತಿ ಇವುಗಳಲ್ಲಿ ಬಹುಪಾಲನ್ನು ಉಳಿಸಿಕೊಂಡು, ಮೇಲೆ ಹೊಸದನ್ನು ಸೇರಿಸಿದೆ. ಸ್ಟ್ಯಾಂಟನ್ ತಮ್ಮ ಟಿಪ್ಪಣಿ ಪುಸ್ತಕ, ಸ್ಕೆಚ್ಚುಗಳನ್ನು ತೆರೆದಿಟ್ಟು ಒಂದೊಂದು ತೀರ್ಮಾನದ ಹಿನ್ನೆಲೆ ಹೇಳುತ್ತಾರೆ. ಪಿಕ್ಸಾರ್‌ನ ದಾಖಲೆ ಸಂಗ್ರಹದ ಒಳಗೂ ಕರೆದೊಯ್ಯುತ್ತಾರೆ. ದೊಡ್ಡವರಿಗೆ ಇದು ಹಬ್ಬ. ಪುಟ್ಟ ಮಕ್ಕಳಿಗೆ ಹಳೆಯ ಡಿವಿಡಿಯೇ ಹೆಚ್ಚು ಹತ್ತಿರ ಎಂದು ನನ್ನ ತೀರ್ಪು.

ಹಳೆಯ ಆವೃತ್ತಿಯಲ್ಲಿ ಸತ್ತುಹೋದ ಭಾಗಗಳೂ ಇವೆ. ಮೂರನೆಯ ಡಿಸ್ಕಿನಲ್ಲಿದ್ದ, ಕಂಪ್ಯೂಟರಿಗೆ ಇಳಿಸಿಕೊಳ್ಳುವ ಡಿಜಿಟಲ್ ಪ್ರತಿಗೆ ಸಂಕೇತ ಸಂಖ್ಯೆ ಬೇಕಿತ್ತು. ಅಂಥವುಗಳ ಗಡುವು ಎಂದೋ ಮುಗಿದಿದೆ. ಬ್ಲೂ-ರೇಯಲ್ಲಿ ಇಂಟರ್ನೆಟ್ಟಿಗೆ ಜೋಡಿಸಿ ಆಡಲು ಕೊಟ್ಟಿದ್ದ ಸೌಲಭ್ಯಗಳಿಗೂ ಆಚೆ ತುದಿಯಲ್ಲಿ ಉತ್ತರಿಸುವವರಿಲ್ಲ. ಡಿಸ್ಕಿನ ಮೈಮೇಲೆ ಅಚ್ಚಾದದ್ದು ಅಷ್ಟೂ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಕಸದ ಬೆಟ್ಟಗಳ ಬಗ್ಗೆ ಎಚ್ಚರಿಸುವ ಚಿತ್ರವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಮಾರುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ನಾನು ಹೇಳುವುದು, ಒಂದು ಕೊಳ್ಳಿ, ಒಳ್ಳೆಯದನ್ನು ಕೊಳ್ಳಿ, ನೋಡಿ ಮುಗಿದ ಮೇಲೆ ಶಾಲೆಗೋ ನೆರೆಮನೆಗೋ ಕೊಡಿ. ಎಸೆಯಬೇಡಿ.

ನಮ್ಮ ಕಡೆಯ ತೊಡಕುಗಳನ್ನು ಹೇಳದಿದ್ದರೆ ಮಾತು ಪೂರ್ತಿಯಾಗದು. ಕ್ರೈಟೀರಿಯನ್ ಆವೃತ್ತಿಯ ಬೆಲೆ ಸುಮಾರು 50 ಡಾಲರ್. ಸಾಗಣೆ, ಸುಂಕ ಸೇರಿದರೆ ಮಧ್ಯಮ ವರ್ಗದ ಮನೆಗೆ ಭಾರವೇ. ಬ್ಲೂ-ರೇಗಳಿಗೆ ಜಗತ್ತನ್ನು ಎ, ಬಿ, ಸಿ ಎಂದು ವಲಯ ಮಾಡಿ ಹಂಚಿದ್ದಾರೆ. ಅಮೆರಿಕ ಎ ವಲಯ, ಭಾರತ ಸಿ ವಲಯ. 4ಕೆ ಡಿಸ್ಕಿಗೆ ವಲಯದ ಬೀಗ ಇಲ್ಲ, ಎಲ್ಲಿ ಬೇಕಾದರೂ ನಡೆಯುತ್ತದೆ. ಆದರೆ ಕ್ರೈಟೀರಿಯನ್ನಿನ ಬ್ಲೂ-ರೇಗಳು ಸಾಮಾನ್ಯವಾಗಿ ಎ ವಲಯದ ಪ್ಲೇಯರಿಗೆ ಮಾತ್ರ. ಸಾಕ್ಷ್ಯಚಿತ್ರಗಳೆಲ್ಲ ಆ ಬ್ಲೂ-ರೇಗಳಲ್ಲಿವೆ. ಅಲ್ಲಿಗೆ, ಬೆಂಗಳೂರಿನ ಒಬ್ಬ ಹುಡುಗ ಪೂರ್ತಿ ಬೆಲೆ ಕೊಟ್ಟು ತರಿಸಿಕೊಂಡರೂ ಚಿತ್ರ ನೋಡಬಹುದು, ಅದು ಆದದ್ದು ಹೇಗೆಂದು ನೋಡಲಾಗದೇ ಹೋಗಬಹುದು. ಕಲಿಯುವವನ ಮುಂದೆ ಬಾಗಿಲು ಹಾಕುವ ಈ ಪದ್ಧತಿಯನ್ನು ನಾನು ಒಪ್ಪಲಾರೆ. ಕೊಳ್ಳುವ ಮುನ್ನ ನಿಮ್ಮ ಪ್ಲೇಯರ್ ಯಾವ ವಲಯದ್ದು ಎಂದು ಅದರ ಹಿಂಬದಿಯಲ್ಲಿ ನೋಡಿಕೊಳ್ಳಿ.

ಇನ್ನೊಂದು ತೊಡಕು ಭಾಷೆಯದು. ನಮ್ಮ ಮಕ್ಕಳಿಗೆ ಕಾರ್ಟೂನು ಕನ್ನಡದಲ್ಲಿ ಸಿಗತೊಡಗಿದ್ದು ತಡವಾಗಿ. 2009ರಲ್ಲಿ ಚಿಂಟು ಟಿವಿ ಎಂಬ ಕನ್ನಡದ ಮಕ್ಕಳ ವಾಹಿನಿ ಬಂದಾಗ ಎಷ್ಟು ಮನೆಗಳಲ್ಲಿ ಅದೇ ಹಾಡು, ಅದೇ ಮಾತು ಕೇಳುತ್ತಿತ್ತು ಎಂದು ನಿಮಗೆ ನೆನಪಿರಬಹುದು. ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕಿದ್ದ ತಡೆ ಸಡಿಲವಾದದ್ದು 2015ರಲ್ಲಿ ಭಾರತದ ಸ್ಪರ್ಧಾ ಆಯೋಗದ ಆದೇಶ ಬಂದ ನಂತರ. ನಾನು ಹೇಳಿದ ಈ ಡಿಸ್ಕುಗಳಲ್ಲಿ ಕನ್ನಡ ಧ್ವನಿಯಿಲ್ಲ, ಕನ್ನಡ ಸಬ್‌ಟೈಟಲ್ ಇಲ್ಲ. ಚಿತ್ರದ ಮೊದಲಾರ್ಧಕ್ಕೆ ಅದರ ಕೊರತೆ ಕಾಣುವುದಿಲ್ಲ. ಸ್ಟ್ಯಾಂಟನ್ ತಂಡ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಚಾಪ್ಲಿನ್, ಕೀಟನ್ ಚಿತ್ರಗಳನ್ನು ಬಹುಕಾಲ ನೋಡಿ ನೋಡಿ ಕಲಿತದ್ದು ಮಾತಿಲ್ಲದೆ ಹೇಳುವುದನ್ನೇ. ಹಳ್ಳಿಯ ಮಗುವಿಗೂ ವಾಲ್-ಈ ಅರ್ಥವಾಗುತ್ತಾನೆ. ಕೊರತೆ ಕಾಣುವುದು ಸಾಕ್ಷ್ಯಚಿತ್ರಗಳಲ್ಲಿ. ಬೆನ್ ಬರ್ಟ್ ಅಷ್ಟು ಚೆನ್ನಾಗಿ ವಿವರಿಸುವುದು ಕನ್ನಡ ಮಾಧ್ಯಮದ ಹುಡುಗಿಗೆ ಮುಟ್ಟುವುದಿಲ್ಲ. ಸಬ್‌ಟೈಟಲ್ ಸೇರಿಸುವುದಕ್ಕೆ ಆಗುವ ಖರ್ಚು ಡಬ್ಬಿಂಗಿಗಿಂತ ಎಷ್ಟೋ ಕಡಿಮೆ. ಪ್ರಕಾಶಕರು ಮನಸ್ಸು ಮಾಡಬೇಕು. ಅಲ್ಲಿಯವರೆಗೆ ಮನೆಯ ದೊಡ್ಡವರೊಬ್ಬರು ರಿಮೋಟ್ ಹಿಡಿದು, ಅಲ್ಲಲ್ಲಿ ನಿಲ್ಲಿಸಿ, ಕನ್ನಡದಲ್ಲಿ ಹೇಳಬೇಕು. ನಾನು ಹಾಗೆ ಹೇಳಿದ ಮರುದಿನ ತಂಗಿಯ ಮಕ್ಕಳು ಸ್ಟೀಲ್ ಡಬ್ಬಿ, ರಬ್ಬರ್ ಬ್ಯಾಂಡ್, ಮೊಬೈಲ್ ಫೋನು ಇಟ್ಟುಕೊಂಡು ತಮ್ಮದೇ ರೋಬೋದ ಸದ್ದು ಹಿಡಿಯಲು ಕೂತಿದ್ದರು.

ಕೊನೆಯದಾಗಿ ಒಂದು ಸೂಚನೆ. ಚಿತ್ರ ಮುಗಿದ ಮೇಲೆ ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ಪೀಟರ್ ಗೇಬ್ರಿಯಲ್ ಅವರ ಹಾಡಿನ ಜೊತೆ, ಭೂಮಿಗೆ ಮರಳಿದ ಮನುಷ್ಯರೂ ರೋಬೋಗಳೂ ಮತ್ತೆ ಬದುಕು ಕಟ್ಟುವ ಕಥೆ ಅಲ್ಲಿ ಮುಂದುವರಿಯುತ್ತದೆ. ಗುಹೆಯ ಗೋಡೆಯ ಚಿತ್ರಗಳಿಂದ ಶುರುವಾಗಿ ಈಜಿಪ್ಟಿನ ಶೈಲಿ, ಗ್ರೀಕ್ ಮಡಕೆಯ ಶೈಲಿ, ಮೊಸಾಯಿಕ್, ಕೊನೆಗೆ ವ್ಯಾನ್ ಗೋನ ಕುಂಚದ ತನಕ, ಚಿತ್ರಕಲೆಯ ಚರಿತ್ರೆಯಲ್ಲೇ ಆ ಕಥೆ ಬರೆದಿದ್ದಾರೆ. ಬಾವಿ ತೋಡುವುದು, ಬಿತ್ತುವುದು, ಮೀನು ಹಿಡಿಯುವುದು ಎಲ್ಲ ಇದೆ. ಅದಾದ ಮೇಲೆ ಹಳೆಯ ವಿಡಿಯೊ ಗೇಮಿನಂಥ ಚುಕ್ಕೆಚಿತ್ರದಲ್ಲಿ ಇಡೀ ಚಿತ್ರ ಇನ್ನೊಮ್ಮೆ ಓಡುತ್ತದೆ. ಓಟಿಟಿಯಲ್ಲಿ ನೋಡಿದರೆ ಇಷ್ಟು ಹೊತ್ತಿಗೆ ಚೌಕಟ್ಟು ಮೂಲೆಗೆ ಕುಗ್ಗಿ, ಮುಂದಿನ ಚಿತ್ರದ ಜಾಹೀರಾತು ತೆರೆ ತುಂಬಿರುತ್ತದೆ. ಡಿಸ್ಕಿನಲ್ಲಿ ಅದು ಪೂರ್ತಿ ಅಗಲಕ್ಕೆ ಓಡುತ್ತದೆ. ಯಾವ ಆವೃತ್ತಿ ಕೊಂಡರೂ, 2008ರ ಸಾದಾ ಡಿವಿಡಿಯೇ ಆದರೂ, ಈ ಭಾಗ ಇದ್ದೇ ಇದೆ. ಒಮ್ಮೆ ಪೂರ್ತಿ ನೋಡಿದ ಮೇಲೆ ಮಕ್ಕಳ ಜೊತೆ ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡಿ.